ಗಂಡಿನ ರಕ್ತ ನೋಡಿಸಿ ಎಂದೆ

ಚಿತ್ರದುರ್ಗಕ್ಕೆ ಬಂದ ಹೊಸದರಲ್ಲಿ ನನ್ನನ್ನು ಬೆಚ್ಚಿಸಿದ್ದು ಬಸ್ಸೂ ಅಲ್ಲ, ಕೋಟೆಯ ಬಂಡೆಯೂ ಅಲ್ಲ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಒಬ್ಬ ನರ್ಸಮ್ಮ ನಿಂತು, ಗಂಡಸಿನಿಂದ ಹೆಂಗಸಿಗೆ ಅಂಟುವ ಕಾಯಿಲೆಯ ಬಗ್ಗೆ ಸಾರು ಮಾಡುವುದನ್ನು ಹೇಳಿಕೊಟ್ಟಷ್ಟು ಸಲೀಸಾಗಿ ಮಾತಾಡಿದ್ದು. ಅವರು ಅದನ್ನು ಗುಹ್ಯರೋಗ ಎನ್ನುತ್ತಾರೆ. ನಮ್ಮೂರು ಆದಿವಾಲದಲ್ಲಿ ಅದಕ್ಕೆ ಹೆಸರಿಲ್ಲ. ಹೆಂಗಸಿಗೆ ಬಂದರೆ ಅವಳ ನಡತೆ ಸರಿಯಿಲ್ಲ, ಅಷ್ಟೇ.

ಮೊಮ್ಮಗಳು ಗಿರಿಜಾಳ ಓದಿಗಾಗಿ ಇಲ್ಲಿ ಒಂದು ಕೋಣೆ ಹಿಡಿದು ಕೂತಿದ್ದೇನೆ. ಅಲ್ಲಿ ಹಿತ್ತಿಲಿತ್ತು, ಇಲ್ಲಿ ನಲ್ಲಿಗೆ ಸಾಲು ನಿಲ್ಲಬೇಕು. ಆ ಸಾಲಿನಲ್ಲಿ ಯಾರೂ ನೀನು ಯಾರ ಪೈಕಿ ಎಂದು ಕೇಳುವುದಿಲ್ಲ. ಮೊದಲು ಅವಮಾನ ಅನ್ನಿಸಿತು, ಆಮೇಲೆ ಆರಾಮ.

ಈ ಕಾಯಿಲೆಯ ವಿಷಯ ಟೀಚರನ್ನು ಕೇಳಲು ಹುಡುಗಿಯರಿಗೆ ನಾಚಿಕೆ. ಅದಕ್ಕೆ ಶಾಲೆಯವರು ಒಂದೊಂದು ಗುಂಪಿಗೆ ಒಬ್ಬೊಬ್ಬ ಹಿರಿಯ ಹೆಂಗಸನ್ನು ಗೊತ್ತು ಮಾಡಿದರು. ಎರಡನೇ ಕ್ಲಾಸಿಗೇ ಬಿಟ್ಟ ನನ್ನನ್ನೂ ಕೂರಿಸಿದರು.

"ಅಜ್ಜಿ, ಗಂಡನಿಂದ್ಲೂ ಬರ್ತೈತಾ?"

"ತಾಳಿ ಕಂಡು ಕಾಯಿಲೆ ಹೆದ್ರಿ ಓಡೋಗ್ತೈತಾ? ಬರ್ತೈತೆ."

ಬೇಸಿಗೆ ರಜೆಗೆ ಊರಿಗೆ ಹೋದರೆ ಮಗ ಗಿರಿಜಾಳಿಗೆ ಹೊಸದುರ್ಗದ ಕಡೆಯ ಗಂಡು ನೋಡಿಟ್ಟಿದ್ದ. ಬಂದವರು ಹುಡುಗಿಯನ್ನು ನಡೆಸಿದರು, ಜಡೆ ಬಿಚ್ಚಿಸಿದರು. ನಾನು ಸುಮ್ಮನಿರಲಿಲ್ಲ.

"ನಮ್ ಹುಡುಗೀನ ನೋಡಿದ್ದಾತಲ್ಲ. ನಿಮ್ ಹುಡುಗನ ರಕ್ತ ಒಂದ್ಸಲ ಆಸ್ಪತ್ರೇಲಿ ನೋಡಿಸ್ಕಂಡು ಬರ್ರಿ."

ಹುಡುಗನ ಮಾವ ತಿಂಡಿಯ ತಟ್ಟೆ ಕೆಳಗಿಟ್ಟ. "ಏನಮ್ಮಾ, ನಮ್ ಹುಡುಗ ಏನು ಸಂತೆ ಎತ್ತಾ?"

"ಎತ್ತಾಗಿದ್ರೆ ಹಲ್ಲಾದ್ರೂ ಹಿಡಿದು ನೋಡ್ತಿದ್ವಿ ಕಣಪ್ಪ."

ಅವರು ಎದ್ದು ಹೋದರು. ಇನ್ನು ಈ ಹೊಸ್ತಿಲು ತುಳಿಯಬೇಡ ಎಂದ ಮಗ. ಗಿರಿಜಾ ನನ್ನ ಗಂಟು ಎತ್ತಿಕೊಂಡು ಜೊತೆಗೆ ಬಂದಳು. ಅದೇ ಗಂಡಿಗೆ ನನ್ನ ತಮ್ಮನ ಮನೆಯವರು ಅವನ ಮೊಮ್ಮಗಳು ಸರೋಜಿಯನ್ನು ಕೊಟ್ಟರು. ಬೇಡ ಎಂದು ಮೊದಲೇ ಹೇಳಿಕಳಿಸಿದ್ದೆ. ಮುದುಕಿಗೆ ಹೊಟ್ಟೆಕಿಚ್ಚು ಎಂದರು.

ದುರ್ಗದವರೂ ಕಡಿಮೆಯಲ್ಲ. ಹೆಣ್ಣುಮಕ್ಕಳ ಕಿವಿಗೆ ಹೊಲಸು ತುಂಬುತ್ತಾರೆ ಎಂದು ಅಪ್ಪಂದಿರು ಗಲಾಟೆ ಮಾಡಿದರು. ಆ ಕ್ಲಾಸು ನಿಂತಿತು.

ದಸರಾ ಕಳೆದ ಮೇಲೆ ಸರೋಜಿ ನನ್ನ ಬಾಗಿಲಲ್ಲಿ ನಿಂತಿದ್ದಳು, ಸೆರಗು ತಲೆಮೇಲೆ ಎಳೆದುಕೊಂಡು.

"ಆ ನರ್ಸಮ್ಮನತ್ರ ಕರ್ಕಂಡು ಹೋಗಜ್ಜಿ. ಊರಾಗೆ ಯಾರ್ಗೂ ಹೇಳ್ಬ್ಯಾಡ."

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ನರ್ಸಮ್ಮ ಹೇಳಿದರು, ಗಂಡನನ್ನೂ ಕರೆತಾ, ಇಲ್ಲದಿದ್ದರೆ ಮತ್ತೆ ಅಂಟುತ್ತದೆ ಎಂದು. ಸರೋಜಿ ನಕ್ಕಳು. ಆ ನಗು ನೀವು ನೋಡಬೇಕಿತ್ತು.

ಅವಳ ಹಿಂದೆ ನಮ್ಮೂರಿನ ಇನ್ನಿಬ್ಬರು ಸೊಸೆಯರು ಬಂದರು. ಹಬ್ಬಕ್ಕೆ ನನ್ನನ್ನು ಕರೆಯದ ಮನೆಗಳವರೇ. ಅವರು ಸಂಜೆ ಬಸ್ಸಿಗೆ ಊರಿಗೆ, ಅದೇ ಗಂಡಂದಿರ ಹತ್ತಿರ ಹೋಗುತ್ತಾರೆ. ಆದಿವಾಲದ ಬಸ್ಸಿನವರೆಗೂ ಹೋಗಿ ಅವರನ್ನು ಹತ್ತಿಸಿ, ನಾನು ಹತ್ತದೆ ವಾಪಸು ಬರುತ್ತೇನೆ.