ಯೇಸಯ್ಯನ ಸೀಟು

ಆಲೂರಿನಿಂದ ಆದೋನಿಗೆ ಹೋಗುವ ಶೇರ್ ಆಟೋಗಳಲ್ಲಿ ಮನುಷ್ಯರನ್ನು ತುಂಬುವುದಕ್ಕೂ ಒಂದು ಪದ್ಧತಿಯಿದೆ. ಹಿಂದೆ ಹೆಂಗಸರು, ಅವರ ತೊಡೆಯ ಮೇಲೆ ಮಕ್ಕಳು, ಬದಿಗೆ ಜೋತುಬಿದ್ದ ಗಂಡಸರು. ಡ್ರೈವರನ ಎಡಕ್ಕೊಬ್ಬ, ಬಲಕ್ಕೊಬ್ಬ. ನಡುವೆ ಡ್ರೈವರನಿಗೆ ಜಾಗ ಉಳಿದರೆ ಅದು ಅವನ ಪುಣ್ಯ. ಸುಂಕಣ್ಣನ ಆಟೋದಲ್ಲಿ ಮಾತ್ರ ಎಡಗಡೆ ಯಾರೂ ಕೂಡುವಂತಿಲ್ಲ. ಅಲ್ಲಿ ಯೇಸಯ್ಯ ಕೂತಿರುತ್ತಾನೆ.

"ಪ್ರಭು ಸದಾ ನಿನ್ನ ಪಕ್ಕದಲ್ಲೇ ಇದ್ದಾನೆಂದು ತಿಳಿದು ನಡೆ" ಎಂದು ಚರ್ಚಿನ ಅಯ್ಯಗಾರು ಒಂದು ಭಾನುವಾರ ಹೇಳಿದ್ದರು. ಉಳಿದವರು ಆಮೆನ್ ಎಂದು ಮನೆಗೆ ಹೋಗಿ ಉಂಡು ಮಲಗಿದರು. ಸುಂಕಣ್ಣ ಎಡಸೀಟು ಒರೆಸಿ ಟವಲ್ ಹಾಸಿದ. ಗುಟ್ಕಾ ಬಿಟ್ಟ. ತಿರುವಿನಲ್ಲಿ ನಿಧಾನ ಮಾಡಿದ, ಪಕ್ಕದಲ್ಲಿ ಕೂತವನು ಜಾರಬಾರದಲ್ಲ! ಬೈಗುಳವನ್ನು ಮಾತ್ರ ಬಿಡಲಾಗಲಿಲ್ಲ. ಬೈಯಲೇಬೇಕೆನಿಸಿದಾಗ ಆಟೋ ನಿಲ್ಲಿಸಿ, ಜಾಲಿಗಿಡದ ಹಿಂದೆ ಹೋಗಿ, ಕನ್ನಡ ತೆಲುಗು ಎರಡರಲ್ಲೂ ಮನಸಾರೆ ಬೈದು, ಬಾಯಿ ಒರೆಸಿಕೊಂಡು ಬರುತ್ತಿದ್ದ. ಪಾಪ, ಸಕ್ಕರೆ ಕಾಯಿಲೆ ಇರಬೇಕೆಂದು ಜನ ತಿಳಿದಿದ್ದರು.

ಅಲ್ಲಿ ಅವನು ಹೆಚ್ಚಾಗಿ ಬೈಯುತ್ತಿದ್ದದ್ದು ಒಡಹುಟ್ಟಿದ ಅಣ್ಣ ಹನುಮಣ್ಣನನ್ನು. ಅವ್ವ ತೀರಿಕೊಂಡಾಗ, "ಚರ್ಚಿಗೆ ಹೋಗಾಂವ ಹೆಣ ಹೊರಂಗಿಲ್ಲ" ಎಂದು ಅಣ್ಣ ಅವನನ್ನು ದೂರ ತಳ್ಳಿದ್ದ. ಅಂದಿನಿಂದ ಮಾತಿಲ್ಲ ಕತೆಯಿಲ್ಲ. ಹೆತ್ತವಳಿಗೆ ಹೆಗಲು ಕೊಡಲಾಗದ ಸಂಕಟ ಅಷ್ಟು ಸುಲಭವಾಗಿ ಹೋಗುವಂಥದ್ದಲ್ಲ.

ಮೊನ್ನೆ ಹತ್ತಿಯ ಸುಗ್ಗಿಯಲ್ಲಿ ಆಟೋ ಟಾಪಿನ ಮೇಲೂ ಮೂಟೆ ಹೇರಿಕೊಂಡು ಕಿಕ್ಕಿರಿದು ಹೊರಟಿತ್ತು. ದಾರಿಯಲ್ಲಿ ಅದೇ ಹನುಮಣ್ಣ ಕೈ ಅಡ್ಡ ಹಿಡಿದು ಕಲ್ಲಿನ ಮೇಲೆ ಕೂತಿದ್ದ. ಹತ್ತಿಯ ಮೂಟೆ ಬಿದ್ದು ಅವನ ಕಾಲು ಕುಂಬಳಕಾಯಿಯಂತೆ ಬಾತಿತ್ತು. ಆದೋನಿಯ ಆಸ್ಪತ್ರೆಗೆ ಹೋಗಬೇಕಿತ್ತು.

"ಜಾಗ ಇಲ್ಲ" ಎಂದ ಸುಂಕಣ್ಣ, ಅಣ್ಣನ ಮುಖ ನೋಡದೆ.

"ನಿನ್ನ ಎಡಕ್ಕ ಖಾಲಿ ಐತಲ್ಲೋ" ಎಂದಳು ಹಿಂದೆ ಕೂತಿದ್ದ ಮುದುಕಿ ಉಚ್ಚಮ್ಮ.

"ಅಲ್ಲಿ ಯೇಸಯ್ಯ ಕುಂತಾನ."

"ಆತನ್ನ ಟಾಪ್ ಮ್ಯಾಲ ಹತ್ತಿಸು. ಆತನ ಕಾಲೇನು ಬಾತಿಲ್ಲ."

"ದೇವ್ರನ್ನ ಮೂಟಿ ಸಂಗಾಟ ಹಾಕ್ತಾರೇನಬೇ?" ಎಂದು ಜೋತುಬಿದ್ದಿದ್ದವನೊಬ್ಬ ರೇಗಿದ. "ಬೇಕಾದ್ರ ನಾನು ಇಳೀತೀನಿ, ಆತ ಇಲ್ಲಿ ಜೋತು ಬೀಳಲಿ."

ಯೇಸಯ್ಯನನ್ನು ಎಲ್ಲಿ ಕೂಡಿಸಬೇಕೆಂದು ಆಟೋದ ತುಂಬ ಗಲಾಟೆಯೆದ್ದಿತು. ಸುಂಕಣ್ಣ ಇಳಿದು ಜಾಲಿಗಿಡದ ಹಿಂದೆ ಹೋದ. ಬೈಯಲು ಬಾಯಿ ತೆರೆದವನು ಹಾಗೇ ನಿಂತ. ಪ್ರಭು ಆಟೋದಲ್ಲೇ ಕಾಯುತ್ತಾ ಕೂತಿರುತ್ತಾನೆಂದು ಯಾರು ಹೇಳಿದ್ದರು? ಇಷ್ಟು ದಿನವೂ ಇಲ್ಲೇ ಪಕ್ಕದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದನೇ, ತೆಲುಗಿನವನ್ನೂ ಸೇರಿಸಿ? ಅವನಿಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು. ಬೈಗುಳ ನುಂಗಿಕೊಂಡು ಬಂದು, ಅಣ್ಣನಿಗೆ ಎಡಸೀಟಿನತ್ತ ಕೈ ತೋರಿಸಿದ.

ಹನುಮಣ್ಣ ಕುಂಟುತ್ತಾ ಬಂದು ಸೀಟಿನ ಹೊರಅಂಚಿಗೆ ಕೂತ. ಅರ್ಧ ಮೈ ಹೊರಗೇ ಇತ್ತು. ಪ್ರತಿ ಗುಂಡಿಗೂ ಜೀವ ಹೋದಂತೆ ನರಳುತ್ತಿದ್ದ.

"ಒಳಗ ಸರಿಯಾಕ ಏನು ಧಾಡಿ ನಿನಗ?" ಎಂದು ಉಚ್ಚಮ್ಮ ಗದರಿದಳು.

"ಹೆಂಗ ಸರೀಲಬೇ?" ಹನುಮಣ್ಣ ತಮ್ಮನಿಗೂ ತನಗೂ ನಡುವಿನ ಖಾಲಿ ಜಾಗಕ್ಕೆ ಅಂಜುತ್ತಾ ಕೈಮುಗಿದ. "ಅವರು ಕುಂತಾರಲ್ಲ."

ಸುಂಕಣ್ಣನ ಕಣ್ಣಿಗೆ ರಸ್ತೆ ಮಂಜಾಯಿತು. ಆಟೋ ನಿಲ್ಲಿಸಿ, ಅಣ್ಣನ ಸೊಂಟಕ್ಕೆ ಕೈ ಹಾಕಿ ತನ್ನತ್ತ ಎಳೆದುಕೊಂಡ.

"ಸರಿಯಾಗಿ ಕುಂದ್ರಣ್ಣ, ಬಿದ್ದೀಯ. ಆತ ಸರಕೊಂತಾನ."