ಬಾಯಿಗೆ ಬೀಗ ಹಾಕಿದ ಕುರ್ಚಿ

ಪಕ್ಷದವರು ಮಂತ್ರಿ ಮಾಡ್ತೀವಿ ಅಂತ ಆಸೆ ತೋರಿಸಿ ಸಭಾಧ್ಯಕ್ಷರ ಕುರ್ಚಿಯಲ್ಲಿ ಕೂರಿಸಿದರಲ್ಲ, ಆ ಸಿಟ್ಟು ಆ ಹಿರಿಯ ಶಾಸಕರಿಗೆ ಇವತ್ತಿಗೂ ತಣಿದಿಲ್ಲ. ಅಕ್ಕನ ಮಗಳು ಹೆರಿಗೆನೋವಿನಲ್ಲಿ ಪಟ್ಟಣದ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ತೀರಿಕೊಂಡಾಗ, "ಊರಿನ ಆಸ್ಪತ್ರೆಗೆ ಡಾಕ್ಟರನ್ನ ತಂದೇ ತರ್ತೀನಿ" ಎಂದು ಅಕ್ಕನಿಗೆ ಮಾತು ಕೊಟ್ಟಿದ್ದರು. ಐದು ಸಲ ಗೆದ್ದು, ಅದಕ್ಕಾಗಿಯೇ ಸದನದಲ್ಲಿ ಮೇಜು ಕುಟ್ಟಿ ಕೂಗಿದ್ದರು. ಈಗ ಸಭಾಧ್ಯಕ್ಷರಾದ ಮೇಲೆ ತಾವೇ ಪ್ರಶ್ನೆ ಕೇಳುವ ಹಾಗೇ ಇಲ್ಲ.

ಒಂದು ದಿನ ಪಕ್ಕದ ಕ್ಷೇತ್ರದ ಹೊಸ ಶಾಸಕಿಯೊಬ್ಬಳು ಅದೇ ಆಸ್ಪತ್ರೆಯ ಮಾತೆತ್ತಿದಳು. ಮಂತ್ರಿ "ಪರಿಶೀಲಿಸುತ್ತೇವೆ" ಎಂದು ಹಾರಿಕೆ ಉತ್ತರ ಕೊಟ್ಟ. ಅವಳು ಪಟ್ಟು ಬಿಡಲಿಲ್ಲ. ಕುರ್ಚಿಯಲ್ಲಿದ್ದ ಇವರ ನಾಲಿಗೆ ತುದಿಗೆ ಮಂತ್ರಿಯ ಮೇಲೆ ಬೈಗುಳ ಬಂದಿತ್ತು, ಆದರೆ ಆ ಪ್ರಶ್ನೆಯ ಸಮಯ ಮುಗಿದಿತ್ತು.

"ಕೂತ್ಕೊಳ್ಳಮ್ಮ. ಮುಂದಿನ ಪ್ರಶ್ನೆ," ಅಂದರು.

ಊರಿಗೆ ಹೋದಾಗ ಅಕ್ಕ ಕೇಳಿದಳು, "ಡಾಕ್ಟರು ಎಲ್ಲೋ?"

"ನಾನೀಗ ಮಾತಾಡೋ ಹಾಗಿಲ್ಲ ಕಣಕ್ಕ."

"ಹುಟ್ಟು ಬಾಯಿಬಡುಕ ನೀನು. ನಿನ್ನ ಬಾಯಿಗೂ ಬೀಗ ಸಿಕ್ತಾ?"

ಊರಿಗೆ ಡಾಕ್ಟರು ಬರುವ ಮೊದಲೇ ಅಕ್ಕನೂ ತೀರಿಕೊಂಡಳು. ಅವಳಿಗೆ ಕೊಟ್ಟ ಮಾತಿನ ಋಣ ಹಾಗೇ ಉಳಿಯಿತು.