ಅಕ್ಕನ ಹಿತ್ತಿಲ ಕಡೆಯ ಕಿಟಕಿ

ನನ್ನ ನೆಗೆಣ್ಣಿಯ ಮೇಲೆ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿಯ ಮೇಲೆ, ನನಗೆ ಹೊಟ್ಟೆಕಿಚ್ಚು. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ಹೋದಲ್ಲೆಲ್ಲ ಜನ ಮೊದಲು ಆಕೆಗೆ ಕುರ್ಚಿ ಹಾಕುತ್ತಾರೆ, ಆಮೇಲೆ ನನ್ನ ಕಡೆ ತಿರುಗಿ "ನೀವೂ ಕುಂದರ್ರಿ" ಅನ್ನುತ್ತಾರೆ. ಆ 'ನೀವೂ' ಕೇಳಿ ಕೇಳಿ ನನಗೆ ಸಾಕಾಗಿದೆ.

ಕೊಟ್ಟೂರಿನಲ್ಲಿ ನಮ್ಮದು ಮೊದಲು ಒಂದೇ ಮನೆ. ಅಣ್ಣ ತಮ್ಮ ಬೇರೆಯಾದಾಗ ನಡುವೆ ಗೋಡೆ ಎದ್ದಿತು. ಮುಂದಿನ ಪಡಸಾಲೆ, ಪಕ್ಕದ ಹಿತ್ತಿಲು, ಹಿತ್ತಿಲ ಬೇವಿನ ಮರ ಅಕ್ಕನಿಗೆ; ನೆಗೆಣ್ಣಿಯನ್ನು ನಾನು ಕರೆಯುವುದು ಅಕ್ಕ ಎಂದೇ. ಹಿಂದಿನ ಕೋಣೆಗಳು, ಬಚ್ಚಲು, ನೀರಿನ ತೊಟ್ಟಿ ನಮಗೆ. ನಮ್ಮ ದೊಡ್ಡ ಕೋಣೆಗಿದ್ದ ಒಂದೇ ಕಿಟಕಿ ಅಕ್ಕನ ಹಿತ್ತಿಲಿಗೆ ತೆರೆಯುತ್ತಿತ್ತು. ನನ್ನ ಗಂಡ, "ಅವ್ರ ಗಾಳೀನೂ ನಮಗ ಬ್ಯಾಡ" ಎಂದು ಅದಕ್ಕೆ ಇಟ್ಟಿಗೆ ಕಟ್ಟಿಸಿಬಿಟ್ಟರು. ಎದುರಿನವರಿಗೆ ಅಪಶಕುನವಾಗಲಿ ಎಂದು ತನ್ನ ಮೂಗು ಕೊಯ್ದುಕೊಂಡನಂತೆ, ಹಾಗೆ. ಅಕ್ಕನಿಗೆ ಆದ ನಷ್ಟವೇನು? ಬೇವಿನ ಗಾಳಿ ಆಕೆಗೇ ಉಳಿಯಿತು, ನಾವು ಒಳಗೆ ಬೆಂದೆವು.

ಊರಿಗೆ ಓದಲು ಬರುವ ಹೆಣ್ಣುಮಕ್ಕಳಿಗೆ ಆಮೇಲೆ ಇಬ್ಬರೂ ಕೋಣೆ ಬಾಡಿಗೆಗೆ ಕೊಟ್ಟೆವು. ಬೋರ್ಡು ಗೀರ್ಡು ಏನೂ ಇರಲಿಲ್ಲ, ಜನರೇ ಪೀಜಿ ಎಂದು ಕರೆದರು. ಆಕೆಯ ಹುಡುಗಿಯರಿಗೆ ಗಾಳಿ ಇತ್ತು, ನನ್ನ ಹುಡುಗಿಯರಿಗೆ ನೀರು. ಅಕ್ಕನ ಕಡೆ ಇದ್ದದ್ದು ಒಂದೇ ಸಂಡಾಸು. ಬೆಳಿಗ್ಗೆ ಅವರೆಲ್ಲ ಬಕೆಟ್ ಹಿಡಿದು ಸಾಲಾಗಿ ನಿಂತು ಒಬ್ಬರನ್ನೊಬ್ಬರು ಬೈಯುವುದನ್ನು ಮಾಳಿಗೆಯ ಮೇಲಿಂದ ನೋಡುತ್ತ ನಾನು ಚಹಾ ಕುಡಿಯುತ್ತಿದ್ದೆ. ಅಂಥ ರುಚಿಯ ಚಹಾ ಮತ್ತೆ ಕುಡಿದಿಲ್ಲ.

ಕಳೆದ ವರ್ಷ ನನ್ನಲ್ಲಿಗೆ ಉಚ್ಚಂಗಿದುರ್ಗದ ಕಡೆಯ ಒಂದು ಹುಡುಗಿ ಬಂದಳು. ಏನು ಕೂದಲು ಅಂತೀರಿ! ಬಿಚ್ಚಿದರೆ ಬೆನ್ನು ತುಂಬಿ ಕೆಳಗಿಳಿಯುತ್ತಿತ್ತು. ನನಗಿರುವ ಇಬ್ಬರೂ ಗಂಡುಮಕ್ಕಳು, ಜಡೆ ಹಾಕುವ ಭಾಗ್ಯ ನನ್ನ ಕೈಗೆ ಬಂದಿರಲಿಲ್ಲ. ಭಾನುವಾರ ಬಂತೆಂದರೆ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಅವಳ ತಲೆಗೆ ತಟ್ಟುತ್ತಿದ್ದೆ. "ಆಂಟಿ, ನಿಮ್ ಕೈ ಬಿದ್ರೆ ನಿದ್ದೆ ಬರ್ತೈತ್ರಿ" ಅನ್ನುತ್ತಿದ್ದಳು. ಅಷ್ಟಕ್ಕೇ ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಗುತ್ತಿತ್ತು.

ಆದರೆ ಸಂಜೆಯಾದರೆ ಸಾಕು, ಗಾಳಿಗೆಂದು ಅಕ್ಕನ ಪಡಸಾಲೆಗೆ ಹೋಗಿ ಕೂರುತ್ತಿದ್ದಳು. ಅಕ್ಕನನ್ನು ಕರೆಯುತ್ತಿದ್ದದ್ದು ದೊಡ್ಡವ್ವ ಎಂದು. ಎಣ್ಣೆ ತಟ್ಟುವವಳು ಆಂಟಿ, ಸುಮ್ಮನೆ ಕೂತವಳು ದೊಡ್ಡವ್ವ! ಅಕ್ಕನಿಗೆ ಹರಪನಹಳ್ಳಿಗೊಬ್ಬಳು, ಹಗರಿಬೊಮ್ಮನಹಳ್ಳಿಗೊಬ್ಬಳು ಎಂದು ಮದುವೆ ಮಾಡಿಕೊಟ್ಟ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಇನ್ನೂ ಸಾಲದೆ ಆಕೆಗೆ?

ಹೀಗಿರುವಾಗ ಒಂದು ಬೆಳಿಗ್ಗೆ ಕಸದ ಗಾಡಿಯ ಮೈಕಿನಲ್ಲಿ ಕೂಗಿಕೊಂಡು ಹೋದರು: ಪೀಜಿ ನಡೆಸುವವರು ಲೈಸೆನ್ಸ್ ತೆಗೆದುಕೊಳ್ಳಬೇಕು, ಮನೆ ನೋಡಲು ಬರುತ್ತಾರೆ, ಲೈಸೆನ್ಸ್ ಇಲ್ಲದ ಮನೆಯಲ್ಲಿ ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳುವಂತಿಲ್ಲ. ನನಗೆ ಖುಷಿಯೋ ಖುಷಿ. ಅಷ್ಟು ಹುಡುಗಿಯರಿಗೆ ಒಂದು ಸಂಡಾಸು ಇಟ್ಟವಳಿಗೆ ಯಾರು ಕೊಡುತ್ತಾರೆ ಲೈಸೆನ್ಸು?

ನೋಡಲು ಬಂದ ಅಧಿಕಾರಿ ಮೊದಲು ನನ್ನ ಮನೆಗೇ ಬಂದರು. ಬಚ್ಚಲು ನೋಡಿ ತಲೆಯಾಡಿಸಿದರು. ದೊಡ್ಡ ಕೋಣೆಗೆ ಬಂದು ಸುತ್ತ ನೋಡಿದರು.

"ಮಲಗೋ ಕೋಣಿಗೆ ಕಿಟಕಿ ಇಲ್ಲಲ್ರಿ, ಅಮ್ಮಾರ?"

"ಫ್ಯಾನ್ ಐತಲ್ರಿ."

"ಫ್ಯಾನು ಒಳಗಿನ ಗಾಳೀನ ತಿರುಗಿಸ್ತೈತ್ರಿ. ಹೊರಗಿನ ಗಾಳಿ ಬರಬೇಕು." ಗೋಡೆಯ ಮೇಲೆ ಗಿಲಾವಿನ ಬಣ್ಣ ಬೇರೆಯಾಗಿದ್ದ ಜಾಗಕ್ಕೆ ಕೈಯಿಟ್ಟರು. "ಇಲ್ಲೊಂದು ಇತ್ತಲ್ಲ, ಅದನ್ನ ತಗಸ್ರಿ. ಆಚಿ ಜಾಗ ಯಾರ್ದೈತಿ, ಅವ್ರ ಒಪ್ಪಿಗಿ ಬೇಕು."

ಅಕ್ಕನಿಗೆ ಇನ್ನೊಂದು ಸಂಡಾಸು ಕಟ್ಟಿಸಲು ಹೇಳಿದರು. ಆಕೆಗೇನು, ಹಿತ್ತಿಲು ಬೇಕಾದಷ್ಟಿದೆ, ಕಟ್ಟಿಸಿಕೊಳ್ಳುತ್ತಾಳೆ. ನಾನು ಮಾತ್ರ ಆಕೆಯ ಮುಂದೆ ಕೈಕಟ್ಟಿ ನಿಲ್ಲಬೇಕು. ಅಷ್ಟರಲ್ಲಿ ಹುಡುಗಿಯ ಅಪ್ಪನ ಫೋನು ಬಂತು: "ಲೈಸೆನ್ಸ್ ಇರೋ ಕಡೆ ಇರ್ಲಿ ಅಮ್ಮಾ, ಹೆಣ್ಮಗು. ಪಕ್ಕದಾಗೇ ದೊಡ್ಡವ್ವರ ಮನೆಗೆ ಸಿಗ್ತೈತಂತಲ್ಲ." ಅಪ್ಪನ ಬಾಯಲ್ಲೂ ದೊಡ್ಡವ್ವ! ಆ ದಿನ ಅನ್ನ ಸೇರಲಿಲ್ಲ. ಹುಡುಗಿ ಪೆಟ್ಟಿಗೆ ಹೊತ್ತು ಬೇರೆ ಊರಿಗೇ ಹೋಗಿದ್ದರೂ ತಡೆದುಕೊಳ್ಳುತ್ತಿದ್ದೆನೇನೋ. ಗೋಡೆಯ ಆಚೆಗೆ ಹೋಗುವುದನ್ನು ಮಾತ್ರ ನೋಡಲಾರೆ.

ಗಂಡನಿಗೆ ಹೇಳಿದರೆ, "ನಾ ಹೋಗಾಂಗಿಲ್ಲ" ಎಂದು ಟವೆಲ್ ಕೊಡವಿ ಎದ್ದುಹೋದರು. ಇಟ್ಟಿಗೆ ಇಡಿಸಿದ್ದು ಅವರು, ಹಲ್ಲು ಗಿಂಜುವುದು ನಾನು. ಕಡೆಗೆ ನಾನೇ ಅಕ್ಕನ ಪಡಸಾಲೆ ಹತ್ತಿದೆ.

"ಬಾ ತಂಗಿ. ಚಾ ಇಡ್ಲೇನು?"

"ಚಾ ಬ್ಯಾಡಕ್ಕ. ಒಂದ್ ಸಹಿ ಬೇಕಿತ್ತು. ನಿಮ್ಮ ಹಿತ್ತಲ ಕಡಿ ಕಿಟಕಿ ತಗಸ್ಬೇಕಂತ."

"ತಗಸು. ಮುಚ್ರಿ ಅಂತ ನಾನೇನ್ ಹೇಳಿದ್ನೆ?"

ಸಹಿ ಹಾಕಿಯೇಬಿಟ್ಟಳು. ಕೊಂಕಿಲ್ಲ, ಷರತ್ತಿಲ್ಲ. ಜಗಳವಾಡುತ್ತಾಳೆಂದು ದಾರಿಯಲ್ಲೆಲ್ಲ ಮಾತು ಮಸೆದುಕೊಂಡು ಹೋಗಿದ್ದೆ, ಒಂದೂ ಉಪಯೋಗಕ್ಕೆ ಬರಲಿಲ್ಲ. ಹೊಸ ಸಂಡಾಸನ್ನಾದರೂ ನನ್ನ ಕಿಟಕಿಯ ಮೂಗಿನ ಕೆಳಗೇ ಕಟ್ಟಿಸುತ್ತಾಳೆ, ಆಗ ಇದೆ ಈಕೆಗೆ ಎಂದು ಕಾದೆ. ದೂರದ ಮೂಲೆಯಲ್ಲಿ ಕಟ್ಟಿಸಿದಳು. ಒಳ್ಳೆಯವಳಾಗುವುದರಲ್ಲೂ ನನ್ನನ್ನು ಮೀರಿಸಬೇಕು ಆಕೆಗೆ.

ಗೌಂಡಿ ಇಟ್ಟಿಗೆ ಬಿಚ್ಚಿದಾಗ ಹಳೆಯ ಚೌಕಟ್ಟು, ಕಬ್ಬಿಣದ ಸರಳು ಇದ್ದ ಹಾಗೇ ಇದ್ದವು. ಕೋಣೆಗೆ ಬೆಳಕು ಬಂತು, ಬೇವಿನ ಗಾಳಿ ಬಂತು. ಇಬ್ಬರಿಗೂ ಲೈಸೆನ್ಸ್ ಸಿಕ್ಕಿತು. ಹುಡುಗಿ ನನ್ನಲ್ಲೇ ಉಳಿದಳು. ಹಾಸಿಗೆಯನ್ನು ಕಿಟಕಿಯ ಬುಡಕ್ಕೆ ಎಳೆದುಕೊಂಡು, "ಇನ್ಮೇಲೆ ಸಂಜೆ ಎಲ್ಲೂ ಹೋಗಲ್ಲ ಆಂಟಿ, ಇಲ್ಲೇ ಗಾಳಿ ಐತೆ" ಅಂದಳು. ಗೆದ್ದೆ ಅಂದುಕೊಂಡೆ.

ಭಾನುವಾರ ಎಣ್ಣೆ ಬೆಚ್ಚಗೆ ಮಾಡಿ ಬಟ್ಟಲು ಹಿಡಿದು ಕೋಣೆಗೆ ಹೋದೆ. ಹುಡುಗಿ ಕಿಟಕಿಗೆ ಬೆನ್ನು ಕೊಟ್ಟು ಕಟ್ಟೆಯ ಮೇಲೆ ಕೂತಿದ್ದಳು. ಬಿಚ್ಚಿದ ಕೂದಲಷ್ಟೂ ಸರಳಿನ ಸಂದಿಯಿಂದ ಆಚೆಗಿತ್ತು. ಆಚೆ ಅಕ್ಕ ನಿಂತು ಸಿಕ್ಕು ಬಿಡಿಸುತ್ತಿದ್ದಳು.

"ಎಣ್ಣೆ ತಂದ್ರಾ ಆಂಟಿ?" ಹುಡುಗಿ ಕಣ್ಣು ಮುಚ್ಚಿಕೊಂಡೇ ಕೇಳಿದಳು. "ದೊಡ್ಡವ್ವಂಗೆ ಕೊಡ್ರಿ."

ಬಟ್ಟಲು ಸರಳಿನಲ್ಲಿ ತೂರಲಿಲ್ಲ. ಅಕ್ಕ ಅಂಗೈ ಒಳಗೆ ಚಾಚಿದಳು. "ಹಾಕು ತಂಗಿ, ಆರತೈತಿ."

ಹಾಕಿದೆ. ಇನ್ನೇನು ಮಾಡಲಿ? ಆ ಕಿಟಕಿ ಮುಚ್ಚಿದರೆ ಲೈಸೆನ್ಸ್ ಹೋಗುತ್ತದೆ, ಲೈಸೆನ್ಸ್ ಹೋದರೆ ಹುಡುಗಿಯೂ ಹೋಗುತ್ತಾಳೆ. ಹಾಗಾಗಿ ಪ್ರತಿ ಭಾನುವಾರ ನಾನು ಎಣ್ಣೆ ಕಾಯಿಸುತ್ತೇನೆ, ಆಕೆ ಹಚ್ಚುತ್ತಾಳೆ.